ಈರಣ್ಣನ ಕೈಗೆ ಮೈಕ್ ಬಂದ ದಿನ

ದೊಣೆಹಟ್ಟಿ ಈರಣ್ಣನಿಗೆ ಅರವತ್ತೊಂದು ವರ್ಷ. ಅದರಲ್ಲಿ ನಲವತ್ತು ವರ್ಷ ತೆಂಗಿನಕಾಯಿ ಸುಲಿದೇ ಕಳೆದವು. ಪಂಚನಹಳ್ಳಿ ಕಡೆಯ ತೋಟಗಳಲ್ಲಿ ಶುರುಮಾಡಿದವನು, ಕಡೂರು, ಅಜ್ಜಂಪುರ ದಾಟಿ ತರೀಕೆರೆಯವರೆಗೂ ತನ್ನ ಹಾರೆ ಹೊತ್ತು ಹೋಗಿಬಂದಿದ್ದಾನೆ. ನೆಲಕ್ಕೆ ನೆಟ್ಟಗೆ ಹೂತ ಹಾರೆಯ ಮೊನೆಗೆ ಕಾಯಿ ಕುಕ್ಕಿ ಎರಡು ಸಲ ತಿರುಚಿದನೆಂದರೆ ಸಿಪ್ಪೆ ಕಳಚಿ ಬೀಳುತ್ತಿತ್ತು. ಈರಣ್ಣನಿಗೆ ಮಾತು ಕಡಿಮೆ, ಕೋಪ ಇನ್ನೂ ಕಡಿಮೆ ಎಂದು ಊರವರು ಹೇಳುತ್ತಿದ್ದರು. ಮಾತಿನ ವಿಷಯದಲ್ಲಿ ಊರವರು ಹೇಳಿದ್ದು ಸರಿ.

ಅವನು ಸುಲಿದ ಸಿಪ್ಪೆಯನ್ನು ಒಟ್ಟುತ್ತಿದ್ದವಳು ಹೆಂಡತಿ ಕರಿಯಮ್ಮ. ಹೋದ ಕಾರ್ತೀಕದ ಒಂದು ಬೆಳಿಗ್ಗೆ ಆ ರಾಶಿಯೊಳಗಿದ್ದ ಹಾವು ಅವಳ ಮುಂಗೈಗೆ ಕಚ್ಚಿತು. ಪಕ್ಕದ ಮನೆಯ ಮೋಹನ್ ಬೈಕು ತೆಗೆದ. ನಡುವೆ ಕರಿಯಮ್ಮ, ಹಿಂದೆ ಅವಳನ್ನು ತಬ್ಬಿ ಹಿಡಿದ ಈರಣ್ಣ. ಊರ ತುದಿಯಲ್ಲೇ ಹೊಸ ಆಸ್ಪತ್ರೆ ಇತ್ತಲ್ಲ, ಅಲ್ಲಿಗೆ ಹೋದರು. ಬಾಗಿಲಿಗೆ ಬೀಗ. ಎರಡು ವರ್ಷದ ಹಿಂದೆ ದೇವರಾಜ ಎಂಬ ಮುಖಂಡ ಬಂದು ಟೇಪು ಕತ್ತರಿಸಿ ಚಪ್ಪಾಳೆ ಹೊಡೆಸಿಕೊಂಡು ಹೋದಮೇಲೆ ಅಲ್ಲಿಗೆ ಡಾಕ್ಟರೂ ಬಂದಿರಲಿಲ್ಲ, ನರ್ಸೂ ಬಂದಿರಲಿಲ್ಲ. ಬೈಕು ಕಡೂರಿನ ಕಡೆ ತಿರುಗಿತು. ಕಡೂರು ಇನ್ನೂ ಎಂಟು ಕಿಲೋಮೀಟರ್ ಇದೆ ಎನ್ನುವಾಗ ಕರಿಯಮ್ಮನ ತಲೆ ಮೋಹನನ ಬೆನ್ನಿಗೆ ವಾಲಿತು.

ಆ ದೇವರಾಜನೇ ಈ ಸಲ ಚುನಾವಣೆಗೆ ನಿಂತ. ಪ್ರಚಾರದ ಎರಡನೇ ವಾರ ಅವನ ಹಿಂದೆಯೇ ಒಂದು ಟಿವಿ ಚಾನೆಲ್ಲಿನ ವ್ಯಾನು ದೊಣೆಹಟ್ಟಿಗೆ ಬಂತು. ವರದಿಗಾರನ ಹೆಸರು ಪ್ರಸನ್ನಕುಮಾರ್. ನೀಟಾಗಿ ಇಸ್ತ್ರಿ ಮಾಡಿದ ಶರ್ಟು, ಎಲ್ಲರಿಗೂ ಒಂದೇ ಅಳತೆಯ ನಗು. ಈರಣ್ಣ ಧೈರ್ಯ ಮಾಡಿ ಅವನ ಮುಂದೆ ನಿಂತು ಹಾವು, ಬೀಗ, ದಾರಿ ಎಲ್ಲವನ್ನೂ ಹೇಳಿದ. ಹನ್ನೊಂದು ನಿಮಿಷ ಹೇಳಿದ, ಮೋಹನ್ ಗಡಿಯಾರ ನೋಡಿಕೊಂಡಿದ್ದ. ಪ್ರಸನ್ನಕುಮಾರ್ ತಲೆ ಆಡಿಸುತ್ತಲೇ ಇದ್ದ. ಕೊನೆಗೆ ಒಂದು ಸಣ್ಣ ಉಪಕಾರ ಕೇಳಿದ.

"ಎಲ್ಲಾ ತೋರಿಸ್ತೀವಿ ಯಜಮಾನ್ರೇ. ಸಾಹೇಬ್ರು ಒಂದು ಕಾಯಿ ಸುಲೀತಾರೆ, ನೀವು ಮೊದ್ಲೇ ಒಂಚೂರು ಸಡ್ಲ ಮಾಡಿಟ್ಬಿಡಿ."

ಹೆಂಡತಿಯ ವಿಷಯ ಲೋಕಕ್ಕೆ ಗೊತ್ತಾಗುತ್ತದಲ್ಲ ಎಂಬ ಆಸೆಗೆ ಈರಣ್ಣ ಹಾಗೇ ಮಾಡಿದ. ಹಾರೆಗೆ ಕುಕ್ಕಿ ಮುಕ್ಕಾಲು ಬಿಡಿಸಿ ಮತ್ತೆ ಒತ್ತಿ ಮುಚ್ಚಿದ ಕಾಯಿಯನ್ನು ದೇವರಾಜ ಹತ್ತು ಸೆಕೆಂಡಿನಲ್ಲಿ ಸುಲಿದ. ಹೆಗಲ ಶಾಲು ಜಾರಿ ಹಾರೆಗೆ ಸಿಕ್ಕಿಕೊಂಡಾಗ ಸುತ್ತಲಿದ್ದವರೆಲ್ಲ ನಕ್ಕರು. ಈರಣ್ಣನೂ ಒಂದು ಗಳಿಗೆ ನಕ್ಕುಬಿಟ್ಟ.

ಮಾರನೆಯ ದಿನ ಸಂಜೆ ಕಾರ್ಯಕ್ರಮ. ಕರಿಯಮ್ಮನ ತಂಗಿ ಅಂಬಮ್ಮ ಅದಕ್ಕಾಗಿಯೇ ಲಿಂಗದಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಈರಣ್ಣನ ಮಗಳು ಸ್ಪಂದನಾ ಟಿವಿ ಹಾಕಿದಳು. ನಲವತ್ತು ನಿಮಿಷ ಬರೀ ಕಾಯಿ. ದೇವರಾಜ ಕಾಯಿ ಸುಲಿದದ್ದು ನಿಧಾನಕ್ಕೆ, ಬೇಗ, ಮೇಲಿನಿಂದ, ಪಕ್ಕದಿಂದ. ಮಣ್ಣಿನ ಮಗನಿಗೆ ಮಾತ್ರ ಈ ಪಟ್ಟು ಗೊತ್ತು ಎಂದು ಸ್ಟುಡಿಯೊದಲ್ಲಿ ಇಬ್ಬರು ಚರ್ಚೆ ಬೇರೆ ಮಾಡಿದರು. ಎದುರಾಳಿಗೆ ಇನ್ನೊಂದು ಊರಿನಲ್ಲಿ ಗಟ್ಟಿ ಕಾಯಿ ಕೊಟ್ಟು, ಅವನು ತಿಣುಕಿದ್ದನ್ನು ಹಾಸ್ಯದ ಸಂಗೀತ ಹಾಕಿ ಎಂಟು ಸಲ ತೋರಿಸಿದರು. ಹಾವಿಲ್ಲ, ಬೀಗವಿಲ್ಲ, ಕರಿಯಮ್ಮನಿಲ್ಲ. ಈರಣ್ಣ ಒಂದೇ ಒಂದು ಸಲ ಬಂದ, ಶಾಲು ಜಾರಿದಾಗ ನಕ್ಕಿದ್ದನಲ್ಲ, ಆಗ. ಕೆಳಗೆ 'ನಾಯಕನ ಕೈಚಳಕಕ್ಕೆ ಮನಸೋತ ರೈತ' ಎಂದು ಬರೆದಿದ್ದರು.

"ಅಕ್ಕ ಹೋಗಿ ಆರು ತಿಂಗ್ಳಾಗಿಲ್ಲ ಭಾವ," ಎಂದಳು ಅಂಬಮ್ಮ. "ಅವನ ಮುಂದೆ ಹಲ್ಲು ಬಿಟ್ಕೊಂಡು ನಿಂತಿದ್ದೀಯಲ್ಲ."

ಉಳಿಯಲು ಬಂದವಳು ಅನ್ನ ಮುಟ್ಟದೆ ಅದೇ ಸಂಜೆಯ ಬಸ್ಸಿಗೆ ಹೊರಟುಹೋದಳು. ಸ್ಪಂದನಾ ಏಳೆಂಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಈರಣ್ಣ ನಾಲ್ಕು ದಿನ ಹಾರೆ ಮುಟ್ಟಲಿಲ್ಲ. ಕಾಯಿ ಸಡಿಲ ಮಾಡಿಕೊಟ್ಟ ತನ್ನ ಕೈಯನ್ನೇ ನೋಡಿಕೊಂಡು ಹಲ್ಲು ಕಡಿಯುತ್ತಿದ್ದ. ದೇವರಾಜನ ಮೇಲಿನ ಸಿಟ್ಟು ಹಳೆಯದು, ಅದು ಅವನಿಗೆ ಅಭ್ಯಾಸವಾಗಿತ್ತು. ತಲೆ ಆಡಿಸುತ್ತ ಹನ್ನೊಂದು ನಿಮಿಷ ಕೇಳಿಸಿಕೊಂಡವನ ಮೇಲಿನ ಸಿಟ್ಟು ಮಾತ್ರ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತುಬಿಟ್ಟಿತು. ಅವನು ಒಂದು ಸಲ ನನ್ನ ಕೈಗೆ ಸಿಗಲಿ ಎಂದು ದಿನಾ ದೇವರಲ್ಲಿ ಬೇಡಿಕೊಂಡ.

ದೇವರು ಈರಣ್ಣನ ಮಾತು ಕೇಳಿದ್ದು ಅಪರೂಪ, ಆದರೆ ಇದೊಂದನ್ನು ಕೇಳಿದ. ಕಾಯಿ ಕಾರ್ಯಕ್ರಮವನ್ನು ಜನ ಮುಗಿಬಿದ್ದು ನೋಡಿದ್ದರಂತೆ. ಪ್ರಚಾರ ಮುಗಿಯುವ ದಿನ ಪ್ರಸನ್ನಕುಮಾರ್ ಮತ್ತೆ ವ್ಯಾನು ತಂದ. ಈ ಸಲ ಲೈವ್. ದೇವರಾಜನ ಹತ್ತು ಸೆಕೆಂಡಿನ ದಾಖಲೆಯನ್ನು ವರದಿಗಾರ ತಾನೇ ಕಾಯಿ ಸುಲಿದು ಮುರಿಯುತ್ತಾನಂತೆ, ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತದಂತೆ. ಈರಣ್ಣನನ್ನು ಪಕ್ಕಕ್ಕೆ ಕರೆದು, ಹಿಂದಿನ ಥರಾನೇ ಒಂದು ಕಾಯಿ ಸಡಿಲ ಮಾಡಿಡಿ ಎಂದು ಕಣ್ಣು ಹೊಡೆದ.

"ಆಗ್ಲಿ ಸ್ವಾಮಿ," ಎಂದ ಈರಣ್ಣ.

ಮೊದಲು ಮಗಳನ್ನು ಕರೆದು ಚಿಕ್ಕಮ್ಮನಿಗೆ ಟಿವಿ ಹಾಕಲು ಹೇಳು ಎಂದ. ಫೋನು ಎತ್ತದಿದ್ದರೆ ಪಕ್ಕದ ಮನೆಗೆ ಮಾಡು ಎಂದ. ಆಮೇಲೆ ರಾಶಿಯಲ್ಲಿ ಹುಡುಕಿ ಹುಡುಕಿ ಒಂದು ಕಾಯಿ ಆರಿಸಿದ. ಉದ್ದನೆಯದು, ದಪ್ಪ ಸಿಪ್ಪೆಯದು, ಪಳಗಿದ ಕೈಗೂ ಬೆವರಿಳಿಸುವಂಥದು. ಅದನ್ನು ಹಾರೆಯ ಹತ್ತಿರಕ್ಕೂ ಒಯ್ಯಲಿಲ್ಲ. ಕಾಯಿಯನ್ನು ಅದರ ಮೈಮೇಲೆ ಉದ್ದಕ್ಕೆ ಉಬ್ಬಿದ ಏಣಿನ ಪಕ್ಕಕ್ಕೆ ಕುಕ್ಕಿ ತಿರುಚಬೇಕು. ನಡುವಿಗೆ ಕುಕ್ಕಿದರೆ ಮೊನೆ ನಾರಿನೊಳಗೆ ಕಚ್ಚಿಕೊಂಡು, ಕಾಯಿ ಮೇಲಕ್ಕೂ ಬಾರದು, ತಿರುಗಲೂ ತಿರುಗದು. ಪ್ರಸನ್ನಕುಮಾರನಿಗೆ ಈರಣ್ಣ ಹೇಳಿಕೊಟ್ಟದ್ದು ನಡುವಿಗೆ, ಮೈಯೆಲ್ಲ ಭಾರ ಬಿಟ್ಟು ಕುಕ್ಕಲು.

ಕಾಯಿ ಸುಲಿಯಲು ಎರಡು ಕೈ ಬೇಕು. ಪ್ರಸನ್ನಕುಮಾರ್ ಮೈಕನ್ನು ಈರಣ್ಣನ ಕೈಗಿತ್ತು, ಕ್ಯಾಮೆರಾಗೆ ನಗು ತೋರಿಸಿ, ಕುಕ್ಕಿದ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಕಾಯಿ ಅಲ್ಲಾಡಲಿಲ್ಲ. ಅವನ ಮುಖ ಕೆಂಪಾಯಿತು, ಇಸ್ತ್ರಿ ಶರ್ಟು ಕಂಕುಳಲ್ಲಿ ಒದ್ದೆಯಾಯಿತು. ಊರವರು ನಗತೊಡಗಿದರು. ಈರಣ್ಣನಿಗೆ ಅದನ್ನು ನೋಡಿ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಬಹಳ ಸಂತೋಷವಾಯಿತು. ಅವನು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡ.

"ಏನಪ್ಪಾ, ಹನ್ನೊಂದು ನಿಮ್ಷ ಕೇಳಿಸ್ಕೊಂಡಿದ್ಯಲ್ಲ. ನನ್ ಹೆಂಡ್ತಿ ಹೆಸ್ರೇನು?"

ಪ್ರಸನ್ನಕುಮಾರ್ ಕಾಯಿ ಬಿಟ್ಟು ಕೈ ಚಾಚಿದ. ಈರಣ್ಣ ಮೈಕನ್ನು ಹಿಂದಕ್ಕೆಳೆದುಕೊಂಡ. ಲೈವ್‌ನಲ್ಲಿ ಮುದುಕನೊಬ್ಬನ ಕೈಯಿಂದ ಮೈಕ್ ಕಿತ್ತುಕೊಳ್ಳಲಾಗುವುದಿಲ್ಲ, ಅದೂ ಸುತ್ತ ಇನ್ನೂರು ಜನ ನಿಂತಿರುವಾಗ. ಹೆಸರು ಅವನಿಗೆ ಗೊತ್ತಿರಲಿಲ್ಲ. ಈರಣ್ಣ ಕ್ಯಾಮೆರಾ ನೋಡಿಕೊಂಡು ಎಲ್ಲವನ್ನೂ ಹೇಳಿದ. ಹಾವು, ಬೀಗ, ಟೇಪು ಕತ್ತರಿಸಿದವನ ಹೆಸರು, ಸಡಿಲ ಮಾಡಿಕೊಟ್ಟ ಕಾಯಿ, ತಾನು ನಕ್ಕದ್ದು ಯಾವುದಕ್ಕೆ ಎಂಬುದು. ಸ್ಟುಡಿಯೊದವರು ವರದಿಗಾರನ ಪಾಡು ನೋಡಿ ಬಿದ್ದು ಬಿದ್ದು ನಗುತ್ತಿದ್ದರಂತೆ. ಮಾತಿನ ಕಡೆ ಯಾರೂ ಕಿವಿಗೊಡಲಿಲ್ಲ. ಕಿವಿಗೊಡದೆ ಇರುವುದು ಅವರಿಗೆ ರೂಢಿಯಾಗಿತ್ತು, ಆ ರೂಢಿಯೇ ಅವತ್ತು ಈರಣ್ಣನಿಗೆ ನಾಲ್ಕು ನಿಮಿಷ ದೊರಕಿಸಿತು.

ಆಮೇಲೆ ಅವನು ಮೈಕನ್ನು ಪ್ರಸನ್ನಕುಮಾರನ ಬಾಯಿಯ ಮುಂದೆ ಹಿಡಿದ.

"ಈಗ ಹೇಳು. ಹೆಸ್ರೇನು?"

ಪ್ರಸನ್ನಕುಮಾರ್ ಸುತ್ತ ನೋಡಿದ. ಈಗ ಯಾರೂ ನಗುತ್ತಿರಲಿಲ್ಲ.

"ಕರಿಯಮ್ಮ."

"ಜೋರಾಗಿ ಹೇಳು. ಲಿಂಗದಳ್ಳಿಗೆ ಕೇಳ್ಬೇಕು."

"ಕರಿಯಮ್ಮ."

"ಯಾಕ್ ಸತ್ಲು?"

ವರದಿಗಾರನ ಕಿವಿಯಲ್ಲಿದ್ದ ಇಯರ್‌ಫೋನಿನೊಳಗೆ ಸ್ಟುಡಿಯೊದವರು ಕೊನೆಗೂ ಕೂಗಾಡತೊಡಗಿದ್ದರು. ಪ್ರಸನ್ನಕುಮಾರ್ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಆಸ್ಪತ್ರೆಗೆ ಬೀಗ ಹಾಕಿತ್ತು," ಎಂದ.

ಅಷ್ಟನ್ನು ಹೇಳಿಸಿದ ಮೇಲೆಯೇ ಈರಣ್ಣ ಮೈಕ್ ವಾಪಸ್ಸು ಕೊಟ್ಟದ್ದು.