ನಾಲ್ಕು ಕಡೆ ಹೊಲಿದ ಅರ್ಜಿ

ನಮ್ಮ ಹೊಲಿಗೆ ಶೆಡ್ಡಿನಲ್ಲಿ ಅಂಗಿಗಳಿಗೆ ಕಾಜಾ ಹಾಕುವವಳನ್ನು ಎಲ್ಲರೂ ಕಾಜಕ್ಕ ಎನ್ನುತ್ತೇವೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೂ ನನಗೂ ಅಕ್ಕನೇ.

ವಾರ್ಡಿನ ಸಭೆ ಯಾವಾಗಲೂ ಬುಧವಾರ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಾವೆಲ್ಲ ಮಿಷಿನ್ ಮುಂದೆ. ನಮ್ಮ ಬೀದಿಗೆ ದೀಪ ಬೇಕೋ ಬೇಡವೋ ಎಂದು ಕೈ ಎತ್ತುವವರು ಗಂಡಸರು. ಸಭೆಯನ್ನು ಭಾನುವಾರಕ್ಕೆ ಹಾಕಿ ಎಂದು ಕೇಳಲು ಕಾಜಕ್ಕ ಮನೆಮನೆ ಅಲೆದು ಅರವತ್ತಮೂರು ಹೆಂಗಸರ ಸಹಿ ತಂದಳು. ಕೊನೆಯದು ನನ್ನದು. ನಾನು ಅಕ್ಷರ ಕೂಡಿಸಿ ಮುಗಿಸುವವರೆಗೂ ಬಾಗಿಲಲ್ಲಿ ನಿಂತಿದ್ದಳು.

ಹೋದ ವರ್ಷವೂ ಅರ್ಜಿ ಕೊಟ್ಟಿದ್ದೆವು. ಆಫೀಸಿನಲ್ಲಿ ಎರಡು ಹಾಳೆ ಕಳೆದು, ಸಹಿ ಸಾಲದೆಂದು ತಳ್ಳಿಹಾಕಿದ್ದರು.

"ಈ ಸಲ ಪಿನ್ನು ಬೇಡಮ್ಮಾ, ಹೊಲಿಗೆ ಹಾಕ್ಕೊಡಿ. ಒಂದು ಹಾಳೆನೂ ಅಲ್ಲಾಡಬಾರ್ದು" ಎಂದಳು ಕಾಜಕ್ಕ.

ಮೂವತ್ತು ವರ್ಷ ಕರ್ಚೀಫಿನ ಅಂಚು ಹೊಲಿದ ಕೈ ನನ್ನದು. ಒಂದು ಅಂಚು ಮುಗಿದದ್ದೇ ತಿರುಗಿಸಿದೆ, ಮತ್ತೆ ತಿರುಗಿಸಿದೆ, ನಾಲ್ಕು ಕಡೆಯೂ ಹೊಲಿದು ದಾರ ಕಡಿದೆ. ಅವಳೂ ನೋಡದೆ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಕೌಂಟರಿನ ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಯಾವ ಕಡೆಯಿಂದಲೂ ಹಾಳೆ ತೆರೆಯಲಿಲ್ಲ.

"ಏನಜ್ಜಿ, ಇದು ಅರ್ಜಿನೋ ದಿಂಬೋ? ಹತ್ತಿ ತುಂಬೋದು ಮರೆತ್ರಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಅರ್ಜಿ ಕೊಡಲು ಅಂದೇ ಕೊನೆಯ ದಿನ. ಅವನು ಕತ್ತರಿ ತೆಗೆದ. ಕತ್ತರಿಸಿದರೆ ಅಂಚಿನಲ್ಲಿದ್ದ ಸಹಿಗಳೂ ಹೋಗುತ್ತಿದ್ದವು.

"ಕತ್ತರಿ ಒಳಗಿಡಿ ಸಾರ್" ಎಂದಳು ಕಾಜಕ್ಕ. "ಹೊಲಿದೋರಿಗೆ ಬಿಚ್ಚೋಕೂ ಬರತ್ತೆ. ಅಮ್ಮಾ, ಕೂತ್ಕೊಳ್ಳಿ."

ಬೆಂಚಿನ ಮೇಲೆ ಕೂತು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿದೆ. ಊಟದ ಹೊತ್ತಾಯಿತು ಎಂದು ಗುಮಾಸ್ತ ಗೊಣಗಿದ.

"ನಾವೂ ರಜೆ ಹಾಕಿ ಬಂದಿದೀವಿ ಸಾರ್. ಹೋದ ವರ್ಷ ನೀವು ನಿಧಾನವಾಗಿ ಕಳ್ಕೊಂಡ್ರಿ, ಈ ವರ್ಷ ನಾವು ನಿಧಾನವಾಗಿ ಕೊಡ್ತೀವಿ."

ಈಗ ಸಾಲಿನವರು ಅವನನ್ನು ನೋಡಿ ನಕ್ಕರು. ಮೂರು ಕಡೆ ಬಿಚ್ಚಿ ಎಡಗಡೆಯದನ್ನು ಹಾಗೇ ಬಿಟ್ಟೆ. ಒಂದು ಸಹಿಯೂ ಹರಿಯಲಿಲ್ಲ. ಕಾಜಕ್ಕ ಒಂದೊಂದೇ ಹೆಸರು ಓದಿದಳು, ಅವನು ಎಣಿಸಿದ, ಅರವತ್ತಮೂರು ಎಂದು ಬರೆದು ಸೀಲು ಒತ್ತಿದ.

ಹದಿನೈದು ದಿನಕ್ಕೆ ನೋಟೀಸು ಅಂಟಿಸಿದರು: ಭಾನುವಾರ ನಾಲ್ಕು ಗಂಟೆ. ಅಂದು ಕುರ್ಚಿ ಸಾಲದೆ ಅರ್ಧ ಜನ ನೆಲದಲ್ಲೇ ಕೂತೆವು. ನಮ್ಮ ಬೀದಿಯ ದೀಪದ ಮಾತು ಬಂದಾಗ ಕಾಜಕ್ಕ ನನ್ನ ಮೊಣಕೈ ತಿವಿದಳು. ಗಾಬರಿಯಲ್ಲಿ ಎರಡೂ ಕೈ ಎತ್ತಿಬಿಟ್ಟೆ.

"ಒಂದು ಇಳಿಸಿ ಅಮ್ಮಾ, ಕಳ್ಳವೋಟು ಅಂತಾರೆ!"

ಒಂದನ್ನು ಇಳಿಸಿದೆ. ಇನ್ನೊಂದನ್ನು ಅವರು ಎಣಿಸಿ ಮುಗಿಸುವವರೆಗೂ ಇಳಿಸಲಿಲ್ಲ.