ಇಟ್ಟಿಗಿ ಬಾವಿಗೆ ಬಿದ್ದ ವಾಚು

ನನಗೆ ಈಜು ಬಾರದು. ಹೊಳೆ ಕಂಡರೆ ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯಲ್ಲೇ ನಿಲ್ಲುವ ಜಾತಿ ನಾನು. ಅಂಥ ನಾನು ಹೋದ ವರ್ಷವಿಡೀ ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವ ಕೈಗಡಿಯಾರವೊಂದನ್ನು ವಿನ್ಯಾಸ ಮಾಡುತ್ತ ಕೂತಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಅದನ್ನು ಮಾಡಿದ್ದೂ ಹರಪನಹಳ್ಳಿಯಲ್ಲಿ. ಇಲ್ಲಿ ಬೇಸಿಗೆಯ ದಿನ ನಲ್ಲಿಯ ಕೆಳಗಿಟ್ಟ ಬಕೆಟ್ಟಿನಲ್ಲಿ ತಂಬಿಗೆ ಮುಳುಗಿದರೆ ಅದೇ ದೊಡ್ಡದು.

ಇದಕ್ಕೆಲ್ಲ ಕಾರಣ ಅಪ್ಪ. ನಮ್ಮ ಪಡಸಾಲೆಯಲ್ಲಿ ಅಪ್ಪ, ಅವ್ವನ ಮದುವೆಯ ಫೋಟೋ ತೂಗುತ್ತಿದೆ. ಅವ್ವನ ತವರೂರು ಇಟ್ಟಿಗಿಯಲ್ಲಿ ಅಕ್ಷತೆ ಬಿದ್ದ ಮೇಲೆ ಕೊಟ್ಟೂರಿಗೆ ಬಂದು, ಗುಡಿಯಲ್ಲಿ ಕಾಯಿ ಒಡೆಸಿ, ಹಾಗೇ ಸ್ಟುಡಿಯೋ ಹೊಕ್ಕು ತೆಗೆಸಿದ್ದು. ಆಗ ಸುತ್ತಲಿನ ಹೊಸ ಜೋಡಿಗಳೆಲ್ಲ ಮಾಡುತ್ತಿದ್ದದ್ದು ಹಾಗೆಯೇ. ಅವ್ವ ಕುರ್ಚಿಯಲ್ಲಿ ಕೂತಿದ್ದಾಳೆ, ಕೊರಳಲ್ಲಿ ಬಂಗಾರದ ಗುಂಡುಗಳ ಬೋರಮಾಳ ಸರ. ಅಪ್ಪ ಕೋಟು ತೊಟ್ಟು ನಿಂತು, ಎಡಗೈಯನ್ನು ಕುರ್ಚಿಯ ಮೇಲೆ ಊರೆಲ್ಲ ನೋಡಲಿ ಎಂಬಂತೆ ಇಟ್ಟಿದ್ದಾನೆ. ಆ ಕೈಯಲ್ಲಿ ವಾಚು. ಕಪ್ಪು ಮುಖ, ಅಂಕಿಗಳ ಜಾಗದಲ್ಲಿ ದುಂಡನೆಯ ಚುಕ್ಕಿ, ದಪ್ಪ ಮುಳ್ಳು, ಸುತ್ತಲೂ ತಿರುಗುವ ಬಳೆ. ಗಂಟೆ ನಾಲ್ಕೂ ಕಾಲು.

ಆ ವಾಚು ಈಗ ಎಲ್ಲಿದೆ ಎಂದರೆ ಅಪ್ಪನದು ಒಂದೇ ಉತ್ತರ: "ಬಾವ್ಯಾಗ ಐತಿ." ಮದುವೆಯ ಹೊಸದರಲ್ಲಿ ಈಜಲು ಹಾರಿದಾಗ ಇಟ್ಟಿಗಿಯ ಬಾವಿಯಲ್ಲಿ ಕಳಚಿ ಬಿತ್ತಂತೆ. ಸಣ್ಣವನಿದ್ದಾಗ ನಾನು ಬಾವಿಯ ಕಟ್ಟೆಗೆ ಹೊಟ್ಟೆ ಹಚ್ಚಿ ಬಗ್ಗಿ, ತಳದಲ್ಲೇನಾದರೂ ಮಿಂಚುತ್ತದೆಯೇ ಎಂದು ನೋಡಿದ್ದೇ ನೋಡಿದ್ದು. ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಇಳಿಬಿಟ್ಟರೆ ತೂತುಬಿದ್ದ ಕೊಡ ಬರುತ್ತಿತ್ತೇ ಹೊರತು ವಾಚು ಬರುತ್ತಿರಲಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ, ಕೈಗೆ ಇಂಟರ್ನೆಟ್ಟು ಬಂದ ಮೇಲೆ ತಿಳಿಯಿತು, ಅದು ನೀರಿನಲ್ಲಿ ಮುಳುಗುವವರಿಗೆಂದೇ ಮಾಡಿದ ಹಳೆಯ ಫಾರಿನ್ ಮಾದರಿ. ಅಂದರೆ ಬಾವಿಗೆ ಬಿದ್ದ ವಾಚು ಸತ್ತಿಲ್ಲ, ಡ್ಯೂಟಿಯ ಮೇಲಿದೆ! ಅಂಥದ್ದೇ ಒಂದು ಕೊಳ್ಳೋಣವೆಂದು ಬೆಲೆ ನೋಡಿದೆ. ನೋಡಿ ಮೊಬೈಲನ್ನು ಬೋರಲಾಗಿ ಮಲಗಿಸಿದೆ.

ಅಪ್ಪನ ಬದುಕಿನಲ್ಲಿ ಸೋಕಿ ಎಂದು ಇದ್ದದ್ದು ಅದೊಂದೇ. ಅವನ ಕೈಗೆ ಅದನ್ನು ಮತ್ತೆ ಕಟ್ಟಲೇಬೇಕೆಂದು ಹಟ ಹಿಡಿದೆ. ಕೊಳ್ಳಲಾಗದಿದ್ದರೆ ಮಾಡಿಸುವುದು. ವಾಚಿನ ಹುಚ್ಚರ ಲೋಕದಲ್ಲಿ ಇದಕ್ಕೆ ಗೌರವಾರ್ಪಣೆ ಎಂಬ ದೊಡ್ಡ ಮಾತಿದೆ. ಮುಖ ಮೂಲ ಕಂಪನಿಯವರದ್ದು, ಹೆಸರು ನಮ್ಮದು. ಅವರ ಹೆಸರನ್ನೂ ಹಾಕಿದರೆ ಮಾತ್ರ ಕಳ್ಳತನ. ನನ್ನ ಸಹೋದ್ಯೋಗಿಗಳು ಇದನ್ನು ಒಪ್ಪದೆ ನಕಲು ಎಂದೇ ಕರೆದರು. ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬ ನೋಡಿ ಪಕ್ಕದೂರಿನ ಶಿಲ್ಪಿ ಅಂಥದ್ದೇ ಕಂಬ ನಿಲ್ಲಿಸಿದರೆ ನೀವು ಶೈಲಿ ಅನ್ನುತ್ತೀರಿ, ನಾನು ಮಾಡಿದರೆ ನಕಲೇ ಎಂದು ಸ್ಟಾಫ್ ರೂಮಿನಲ್ಲಿ ವಾದಿಸಿದೆ. ಶಿಲ್ಪಿ ಆ ಕಂಬದ ಮೇಲೆ ತನ್ನ ಹೆಸರು ಕೊರೆದಿರಲಿಲ್ಲ ಎಂದು ಗಣಿತದ ಮೇಷ್ಟ್ರು ಬಾಯಿ ಮುಚ್ಚಿಸಿದರು.

ಭೂತಗನ್ನಡಿ ಹಿಡಿದು ಫೋಟೋ ನೋಡಿ ನೋಡಿ ಚಿತ್ರ ಬರೆದೆ. ದೂರದ ಊರಿನ ಕಂಪನಿಯೊಂದು ಮಾಡಿಕೊಡಲು ಒಪ್ಪಿತು. ಅಗ್ಗವಾಗಲೆಂದು ಗಾಜು ಹೋಗಿ ಪ್ಲಾಸ್ಟಿಕ್ ಬಂತು, ಉಕ್ಕಿನ ಪಟ್ಟಿ ಹೋಗಿ ರಬ್ಬರು ಬಂತು. ಎಷ್ಟು ಆಳದ ತನಕ ತಡೆಯುತ್ತದೆಂದು ಮುಖದ ಮೇಲೆ ಬರೆಯುವುದು ಈ ಜಾತಿಯ ವಾಚಿನ ಪದ್ಧತಿ. ನಮ್ಮದು ಎಷ್ಟು ತಡೆಯುತ್ತದೆಂದು ಕೇಳಿದರೆ, ಕೈ ತೊಳೆಯಬಹುದು, ಅದಕ್ಕಿಂತ ಮುಂದೆ ಹೋಗಬೇಡಿ ಎಂದರು. ನಾನು ಪ್ರಾಮಾಣಿಕ ಮನುಷ್ಯ. ಮೇಲೆ 'ಇಟ್ಟಿಗಿ', ಕೆಳಗೆ ಸಣ್ಣಕ್ಷರದಲ್ಲಿ 'ಕೈ ತೊಳೆಯಬಹುದು' ಎಂದು ಬರೆದೆ. ಅಪ್ಪನಿಗೆ ಚಿತ್ರ ತೋರಿಸಿದಾಗ ಅವನು ಹಿಗ್ಗಲಿಲ್ಲ. ಹೋದದ್ದು ಹೋತು, ಈಗ್ಯಾಕ ಬಿಡು ಎಂದು ಮುಖ ತಿರುಗಿಸಿದ. ಅವ್ವ ಸೆರಗು ಬಾಯಿಗಿಟ್ಟು ಒಳಗೆ ಹೋದಳು. ವಾಚಿನ ದುಃಖ ಎಂದುಕೊಂಡೆ.

ಕಂಪನಿಯವರದು ಒಂದು ಶರತ್ತಿತ್ತು. ಒಂದೆರಡು ಮಾಡಲಾಗದು, ಇಪ್ಪತ್ತಾದರೂ ಬೇಕು. ಹೀಗಾಗಿ ಚಿತ್ರ ಹಿಡಿದು ಗಿರಾಕಿ ಹುಡುಕಲು ಹೊರಟೆ. ಮೊದಲು ಹಗರಿಬೊಮ್ಮನಹಳ್ಳಿಯಲ್ಲಿ ಕಿರಾಣಿ ಅಂಗಡಿಯ ಗೆಳೆಯ ಕೊಟ್ರೇಶನ ಮನೆ. ಅವನ ತಾಯಿ ಚಿತ್ರ ನೋಡಿದವರೇ, "ಏ ತಮ್ಮಾ, ಇದು ನಮ್ಮ ಯಜಮಾನ್ರ ವಾಚಲ್ಲೇನೋ?" ಅಂದರು. ಗೋಡೆಯ ಮೇಲೆ ಅವರ ಮದುವೆಯ ಫೋಟೋ. ಅದೇ ವಾಚು. ಅವರ ಯಜಮಾನರದು ಹಂಪಸಾಗರದ ಹತ್ತಿರ ಹೊಳೆಗೆ ಬಿದ್ದಿತ್ತಂತೆ. ಇರಲಿ, ಒಂದೇ ಮಾದರಿಯವು ಎರಡು ಇರಬಾರದೇ? ಕೂಡ್ಲಿಗಿಗೆ ಹೋದೆ. ಅಲ್ಲಿಯ ಗೆಳೆಯನ ಪಡಸಾಲೆಯ ಫೋಟೋದಲ್ಲೂ ಅದೇ ವಾಚು; ಅದು ಬಸ್ಸಿನಲ್ಲಿ ಕಳುವಾಗಿತ್ತು. ತೆಲಿಗಿಯ ನೆಂಟರ ಮನೆಯಲ್ಲೂ ಅದೇ. ಅದನ್ನು ಭಾವನೊಬ್ಬ ಇಸಿದುಕೊಂಡು ಹೋದವನು ತಿರುಗಿ ಕೊಟ್ಟಿರಲಿಲ್ಲ. ಆಗ ವಾಚು ಬಿಟ್ಟು, ಅದು ತೋರಿಸುತ್ತಿದ್ದ ಗಂಟೆ ನೋಡಿದೆ. ನಾಲ್ಕೂ ಕಾಲು. ಎಲ್ಲರದೂ ನಾಲ್ಕೂ ಕಾಲು. ಅದೇ ಕುರ್ಚಿ, ಅದೇ ಕೋಟು. ತೆಲಿಗಿಯವರಿಗೆ ಕೋಟಿನ ತೋಳು ಉದ್ದ, ಕೂಡ್ಲಿಗಿಯವರಿಗೆ ಗಿಡ್ಡ, ಅಷ್ಟೇ.

ನನ್ನ ದಡ್ಡತನಕ್ಕೆ ಏನನ್ನಬೇಕು! ಕೊಟ್ಟೂರಿನ ಸ್ಟುಡಿಯೋದವನು ಕೆಟ್ಟು ನಿಂತ ಒಂದು ವಾಚು ಇಟ್ಟುಕೊಂಡು, ಗುಡಿಯಿಂದ ಬಂದ ಮದುಮಕ್ಕಳಿಗೆಲ್ಲ ಕಟ್ಟಿ, ಫೋಟೋ ಹೊಡೆದು ಬಿಚ್ಚಿಸಿಕೊಳ್ಳುತ್ತಿದ್ದ. ಐದು ತಾಲೂಕಿನ ಗಂಡಸರು ಆ ವಾಚನ್ನು ಮನೆಗೆ ತರಲಾಗದೆ, ಅದನ್ನು ಕಳೆದುಕೊಂಡ ಕಥೆಯನ್ನಷ್ಟೇ ತಂದಿದ್ದರು.

ಗುಟ್ಟನ್ನು ನಾನು ಎಲ್ಲೂ ಒಡೆಯಲಿಲ್ಲ. ಒಡೆಯದೆ ಇದ್ದದ್ದಕ್ಕೆ ಗಿರಾಕಿಗಳು ತುಂಬಿ ಬಂದರು. ಅಪ್ಪನ ವಾಚು ಯಾರಿಗೆ ಬೇಡ? ಆದರೆ ನನಗೆ ಹೆದರಿಕೆ ಹುಟ್ಟಿತು. ಇಪ್ಪತ್ತು ಮನೆಗಳಲ್ಲಿ ಒಂದೇ ವಾಚು ಕಂಡ ಜನ ಕಥೆಗಳನ್ನು ತಾಳೆ ನೋಡಿ, ಅಪ್ಪನ ಬಾವಿಯ ಕಥೆ ಬಯಲಿಗೆ ಬಿದ್ದರೆ? ಮೊಮ್ಮಕ್ಕಳಿಗೂ ಅದನ್ನೇ ಹೇಳಿ ನಂಬಿಸಿದ ಮುದುಕ. ಈ ವಯಸ್ಸಿನಲ್ಲಿ ಅವನ ಮಾತು ನನ್ನ ಕೈಯಿಂದ ಸುಳ್ಳಾಗುವುದು ನನಗೆ ಬೇಡವಾಗಿತ್ತು. ಕೊಡದೆ ಬಚ್ಚಿಡೋಣ ಎಂದೂ ಅನ್ನಿಸಿತು. ಆದರೆ ಪೆಟ್ಟಿಗೆ ಬಂದ ದಿನ ಅವನೇ ಬಾಗಿಲಲ್ಲಿ ನಿಂತು ಸಹಿ ಹಾಕಿ ತೆಗೆದುಕೊಂಡಿದ್ದ.

ಬಾವಿಯ ಸುದ್ದಿ, ಕೊಟ್ಟೂರಿನ ಸುದ್ದಿ ಎರಡನ್ನೂ ಎತ್ತದೆ ಅವನ ಎಡಗೈಗೆ ಕಟ್ಟಿದೆ. ಅಪ್ಪ ಕೈ ದೂರ ಹಿಡಿದು ನೋಡಿದ. ಬಳೆ ತಿರುಗಿಸಿದ. ಕಿವಿಗೆ ಹಚ್ಚಿಕೊಂಡ.

"ನಡೀತೈತಲ್ಲೋ ಇದು" ಅಂದ. ನನ್ನ ಮುಖ ನೋಡದೆ, "ವಾಪಸ್ ಯಾವಾಗ ಕೊಡಬೇಕು?" ಎಂದು ಕೇಳಿದ.

"ಕೊಡೂದೇನಿಲ್ಲಪ್ಪಾ. ನಿಂದ ಅದು."

ಅಪ್ಪ ಎದ್ದು ಹೋಗಿ, ಊಟದ ಹೊತ್ತಾಗಿರದಿದ್ದರೂ ಕೈ ತೊಳೆದುಕೊಂಡು ಬಂದ. ವಾಚಿನ ಮೇಲೆ ಬರೆದದ್ದನ್ನು ಓದಿಕೊಂಡಿದ್ದ ಎಂದು ಕಾಣುತ್ತದೆ.

ಅವ್ವ ಅಲ್ಲೇ ಸೊಪ್ಪು ಸೋಸುತ್ತ ಕೂತಿದ್ದಳು. ಆ ದಿನ ವಾಚು ಬಿಚ್ಚಿಸಿಕೊಂಡದ್ದನ್ನು ಪಕ್ಕದಲ್ಲೇ ಕೂತು ನೋಡಿದವಳು, ಬಾವಿಯ ಕಥೆಗೆ ಜನ್ಮವಿಡೀ ಹೂಂಗುಟ್ಟಿದವಳು. ಈಗ ತಲೆ ಎತ್ತದೆ ಹೇಳಿದಳು:

"ತಮ್ಮಾ, ಆ ಫೋಟೋದಾಗ ನನ್ನ ಕೊರಳಾಗಿರೋ ಬೋರಮಾಳನೂ ಸ್ಟುಡಿಯೋದವಂದ ಐತಿ. ನಾನು ಒಂದಿನಾನೂ ಅದು ಬಾವ್ಯಾಗ ಬಿತ್ತು ಅಂದಿಲ್ಲ. ಅದರ ಚಿತ್ರ ಯಾವಾಗ ಬರೀತಿ?"

ಪೆನ್ಸಿಲು ಕೆತ್ತಿಟ್ಟುಕೊಂಡು ಕೂತಿದ್ದೇನೆ. ಅಗ್ಗದ ಗೌರವಾರ್ಪಣೆ ಎಂಬ ಮಾತನ್ನು ಬಂಗಾರದ ವಿಷಯದಲ್ಲಿ ಅವ್ವನ ಮುಂದೆ ಹೇಗೆ ಎತ್ತುವುದೋ ಮಾತ್ರ ಇನ್ನೂ ಹೊಳೆದಿಲ್ಲ.