ಸಪ್ಪೆ, ಡಲ್ಲು, ಬೇಜಾರು

ಉಪ್ಪು ಬೀಳದ ಸಾರು ಸಪ್ಪೆ. ಮುಖ ಬಾಡಿದವನೂ ಸಪ್ಪಗಿದ್ದಾನೆ ಎನ್ನುತ್ತೇವೆ. ಇದನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದ ದಿನ ನಾನು ಬೀಗಿದ್ದೇ ಬೀಗಿದ್ದು. ಕನ್ನಡ ಮೇಷ್ಟ್ರಿಗೆ ಪದದ ಬೇರು ಸಿಕ್ಕರೆ ಕೊಪ್ಪರಿಗೆ ಹೊನ್ನು ಸಿಕ್ಕಂತೆ, ನೋಡಿ. ನಮ್ಮ ಕಡೆಯ ಗಂಡಸರು ದುಃಖ ಎಂಬ ಪದವನ್ನು ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಆಡುವುದಿಲ್ಲ. ಉಳಿದ ದಿನಗಳಿಗೆ ಅಡುಗೆಮನೆಯಿಂದಲೋ ಗ್ಯಾರೇಜಿನಿಂದಲೋ ಒಂದು ಮಾತನ್ನು ತಂದು, ನಕ್ಕು ಹೇಳಿಬಿಡುತ್ತಾರೆ. ಅಂಥ ಮಾತುಗಳನ್ನು ಕೂಡಿಹಾಕುವ ಹುಚ್ಚು ನನಗೆ ಹತ್ತಿತ್ತು.

ನಂಜನಗೂಡಿನಿಂದ ತಿ. ನರಸೀಪುರದ ಶಾಲೆಗೆ ನಾನು ಹೋಗುವುದು ಬಾಲ್ಯದ ಗೆಳೆಯ ಮಾದೇವ ಓಡಿಸುವ ಖಾಸಗಿ ಬಸ್ಸಿನಲ್ಲಿ. ಎಂಜಿನ್ನಿನ ಬಾನೆಟ್ಟಿನ ಮೇಲೆ, ಅವನ ಪಕ್ಕದಲ್ಲೇ ನನ್ನ ಜಾಗ. ಅವನು "ಡಲ್ಲು ಕಣ್ಲಾ" ಎಂದರೆ ಇಂಗ್ಲಿಷಿನವರ ಬಳುವಳಿ ಎಂದು ಬರೆದುಕೊಂಡೆ. "ಬೇಜಾರು" ಎಂದರೆ, ಅದು ಪಾರಸಿಯಿಂದ ಬಂದು ನಮ್ಮ ಮನೆಮಗಳಾದ ಪದ ಎಂದು ದಾರಿಯುದ್ದಕ್ಕೂ ಪಾಠ ಹೇಳಿದೆ. ಒಂದು ಬೆಳಿಗ್ಗೆ ಗೇರ್ ಬದಲಿಸುತ್ತಾ ಅವನು, "ಬ್ಯಾಟ್ರಿ ಡೌನಾಗ್ಬುಟ್ಟದೆ ಕಣ್ಲಾ, ತಳ್ಳುದ್ರೂ ಸ್ಟಾರ್ಟಾಯ್ತಿಲ್ಲ" ಎಂದ. ನಾನು ಹಿಗ್ಗಿಹೋದೆ.

"ಇದು ನಿಮ್ ಡ್ರೈವರ್‌ಗಳ ಮಾತೇನೋ? ಮೊದ್ಲು ಯಾರ ಬಾಯಲ್ಲಿ ಕೇಳ್ದೆ?" ಎಂದು ಪೆನ್ನು ತೆಗೆದೆ.

ಅವನು ಓರೆಗಣ್ಣಿನಲ್ಲಿ ನನ್ನನ್ನೊಮ್ಮೆ ನೋಡಿದ. "ನನ್ ಬಾಯಲ್ಲೇ. ಬರ್ಕೊ."

ಬರೆದುಕೊಂಡೆ. ಮಾತು ಎಲ್ಲಿಂದ ಬಂತೆಂದು ಕೆದಕಿದವನು, ಏನಾಯಿತೋ ನಿನಗೆ ಎಂದು ಒಂದು ದಿನವೂ ಕೇಳಲಿಲ್ಲ.

ಆ ವರ್ಷವೆಲ್ಲ ಅವನ ಹೆಂಡತಿ ಗೌರಮ್ಮ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಎದ್ದು ಅವಳಿಗೆ ಗಂಜಿ ಕುಡಿಸಿ, ಮೈ ಒರೆಸಿ, ಸೀರೆ ಉಡಿಸಿ ಆಮೇಲೆ ಅವನು ಸ್ಟೇರಿಂಗ್ ಹಿಡಿಯುತ್ತಿದ್ದನಂತೆ. ಇದು ನನಗೆ ಗೊತ್ತಾದದ್ದು ಅವಳು ಹೋದ ಸುದ್ದಿ ಕೇಳಿ ದೇವನೂರಿನ ಅವನ ಮನೆಗೆ ಓಡಿದ ದಿನ, ಅವನ ಅಕ್ಕನ ಬಾಯಿಂದ.

"ನಿಮ್ಗೆ ಏಳಿರ್ನಿಲ್ವಾ ಮೇಷ್ಟ್ರೇ? ದಿನಾ ನಿಮ್ ಜೊತೇಲೇ ಅಲ್ವಾ ಓಯ್ತಿದ್ದುದ್ದು?" ಎಂದು ಆಕೆ ಕಣ್ಣೊರೆಸಿಕೊಂಡರು.

ಹೇಳಿದ್ದ. ದಿನಾ ಹೇಳಿದ್ದ. ನನ್ನ ಹತ್ತಿರ ಬರವಣಿಗೆಯಲ್ಲೇ ಇತ್ತು. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಬಸ್ಸು ಅದೇ, ಬಾನೆಟ್ಟೂ ಅದೇ. ಈಗ ಹತ್ತಿದೊಡನೆ ನಾನು ಕೇಳುವ ಮೊದಲ ಮಾತು, "ಹೆಂಗಿದ್ದೀಯೋ ಮಾದೇವ?"

"ಚೆನ್ನಾಗಿವ್ನಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳುತ್ತೇನೆ. ಅವನು ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ.

"ಚೆನ್ನಾಗಿವ್ನಿ ಅಂದ್ನಲ್ಲ, ಮೇಷ್ಟ್ರೇ."